ಮುಕ್ಕಾಲು ಗೊತ್ತು, 3/4 ಗೊತ್ತಿಲ್ಲ

ಪ್ರಶ್ನೆ: ಮಗಳು ನಾಲ್ಕನೇ ತರಗತಿ. 1/4, 1/8ರಲ್ಲಿ ಯಾವುದು ದೊಡ್ಡದು ಎಂದು ಕೇಳಿದರೆ ‘ಎಂಟು ದೊಡ್ಡದೈತಲ್ಲ, 1/8’ ಅಂತಾಳೆ. ರೊಟ್ಟಿ ಮುರಿದು ತೋರಿಸಿದರೆ ಸರಿ ಹೇಳುತ್ತಾಳೆ. ಪಾಟಿ ಹಿಡಿದು ಕೂತರೆ ಮತ್ತೆ ಅದೇ ತಪ್ಪು. ಏನು ಮಾಡಲಿ?
ಪಾಲಕರು, ಹಳೇ ಹುಬ್ಬಳ್ಳಿ

ಉತ್ತರ: ನಿಮ್ಮ ಮಗಳಿಗೆ 1/8 ಒಂದು ಸಂಖ್ಯೆಯಾಗಿ ಕಾಣುತ್ತಿಲ್ಲ. ಗೆರೆಯ ಮೇಲೊಂದು, ಕೆಳಗೊಂದು, ಎರಡು ಬೇರೆ ಸಂಖ್ಯೆ ಕಾಣುತ್ತಿವೆ. ಒಂದನೇ ತರಗತಿಯಿಂದ ‘ನಾಲ್ಕಕ್ಕಿಂತ ಎಂಟು ದೊಡ್ಡದು’ ಎಂದೇ ಕಲಿತವಳು ಹಾಗೆ ಹೇಳುವುದು ಸಹಜ. ದಯವಿಟ್ಟು ಬೈಯಬೇಡಿ.

ರೊಟ್ಟಿಯಲ್ಲಿ ಒಂದು ತೊಡಕಿದೆ. ಕಡಕ್ ರೊಟ್ಟಿ ತನಗೆ ಬೇಕಾದ ಕಡೆ ಮುರಿಯುತ್ತದೆ, ಪಾಲು ಸಮ ಬರುವುದಿಲ್ಲ. ಬಿಸಿ ರೊಟ್ಟಿ ಮಡಚಿದರೆ ಅರ್ಧ, ಕಾಲು ಚೆನ್ನಾಗಿಯೇ ಬರುತ್ತವೆ. ಆದರೆ ಗುಂಡಗಿರುವುದನ್ನು ಮೂರೋ ಐದೋ ಸಮಪಾಲು ಮಾಡುವುದು ದೊಡ್ಡವರಿಗೂ ಕಷ್ಟ. ಪಾಲು ಸಮ ಇಲ್ಲದಿದ್ದರೆ ಭಿನ್ನರಾಶಿಯೇ ಇಲ್ಲ. ಮಗು ಇದನ್ನು ಗಮನಿಸದೆ ಬರೀ ತುಂಡು ಎಣಿಸುವುದನ್ನು ಕಲಿತರೆ ಮುಂದೆ ಬಿಡಿಸುವುದು ಬಹಳ ಕಷ್ಟ.

ಹಳೆಯ ಕ್ಯಾಲೆಂಡರ್ ಹಾಳೆಯಿಂದ 24 ಸೆಂ.ಮೀ. ಉದ್ದ, 3 ಸೆಂ.ಮೀ. ಅಗಲದ ಆರು ಪಟ್ಟಿ ಕತ್ತರಿಸಿ. 24 ಯಾಕೆಂದರೆ 2, 3, 4, 6, 8 ಎಲ್ಲದಕ್ಕೂ ಶೇಷವಿಲ್ಲದೆ ಭಾಗವಾಗುತ್ತದೆ. ಒಂದು ಪಟ್ಟಿ ಇಡಿಯಾಗಿರಲಿ. ಮಿಕ್ಕ ಐದನ್ನು ಕ್ರಮವಾಗಿ 12, 8, 6, 4, 3 ಸೆಂ.ಮೀ. ತುಂಡುಗಳಾಗಿಸಿ. ಅರ್ಧ, ಕಾಲು, ಎಂಟನೇ ಒಂದು ಮಡಚಿದರೇ ಬರುತ್ತವೆ. ಮೂರು ಮತ್ತು ಆರು ಪಾಲಿಗೆ ಸ್ಕೇಲ್ ಇಟ್ಟು ಗುರುತು ಹಾಕಿ, ಮಡಚಲು ಹೋದರೆ ಸೊಟ್ಟಗಾಗುತ್ತದೆ. ಎಲ್ಲ ಪಟ್ಟಿಯ ಉದ್ದ ಒಂದೇ ಇರಲೇಬೇಕು. ದೊಡ್ಡ ಪಟ್ಟಿಯ ಎಂಟನೇ ಒಂದು, ಚಿಕ್ಕ ಪಟ್ಟಿಯ ಕಾಲಿಗಿಂತ ದೊಡ್ಡದಾಗಿಬಿಡಬಹುದು.

ತುಂಡಿನ ಮೇಲೆ ಅಂಕಿ ಬರೆಸಬೇಡಿ, ‘ಕಾಲು’, ‘ಎಂಟನೇ ಒಂದು’ ಎಂದು ಅಕ್ಷರದಲ್ಲೇ ಬರೆಸಿ. ಇಡೀ ಪಟ್ಟಿ ಮುಚ್ಚಲು ಈ ತುಂಡು ಎಷ್ಟು ಬೇಕು ಎಂದು ಕೇಳಿ, ಅವಳೇ ಜೋಡಿಸಿ ನೋಡಲಿ. ‘ಎಂಟು ಬೇಕು, ಅದಕ್ಕ ಸಣ್ಣದೈತಿ’ ಎನ್ನುವ ಮಾತು ಅವಳ ಬಾಯಿಂದಲೇ ಬರಬೇಕು, ನೀವು ಹೇಳಿಕೊಟ್ಟರೆ ಪಾಠ ಒಪ್ಪಿಸಿದಂತಾಗುತ್ತದೆ. ಅಂಕಿ ಆಮೇಲೆ ಬರಲಿ. ಪಟ್ಟಿ ಎತ್ತಿಟ್ಟು 1/5, 1/7ರಲ್ಲಿ ಯಾವುದು ದೊಡ್ಡದು ಎಂದು ಕೇಳಿ. ಇವುಗಳ ತುಂಡು ಅವಳು ನೋಡಿಯೇ ಇಲ್ಲ, ಆದ್ದರಿಂದ ಕಾರಣ ಸಹಿತ ಸರಿ ಹೇಳಿದರೆ ತಿಳಿದಿದೆ ಎಂದೇ ಅರ್ಥ.

ಇಲ್ಲೊಂದು ಎಚ್ಚರಿಕೆ. ಕೆಲವು ಮಕ್ಕಳು ‘ಕೆಳಗಿನದು ದೊಡ್ಡದಿದ್ದರೆ ಭಿನ್ನರಾಶಿ ಸಣ್ಣದು’ ಎಂದು ಸೂತ್ರ ಮಾಡಿಕೊಂಡು 3/4ಕ್ಕಿಂತ 2/3 ದೊಡ್ಡದು ಎನ್ನುತ್ತಾರೆ. ಆಗ ಇಡೀ ಪಟ್ಟಿಗೆ ಎಷ್ಟು ಕಡಿಮೆ ಬಿತ್ತು ಎಂದು ಕೇಳಿ. 3/4ಕ್ಕೆ 6 ಸೆಂ.ಮೀ. ಕಡಿಮೆ, 2/3ಕ್ಕೆ 8 ಸೆಂ.ಮೀ. ಕಡಿಮೆ. ಕಡಿಮೆ ಬಿದ್ದದ್ದು ಹೆಚ್ಚಿದ್ದರೆ ಇರುವುದು ಸಣ್ಣದು.

ಪ್ರಶ್ನೆ: ‘ಎಂಟನೇ ಮೂರು ಬರೆಯಿರಿ’ ಎಂದರೆ ತರಗತಿಯ ಹಲವು ಮಕ್ಕಳು 8/3 ಬರೆಯುತ್ತಾರೆ. ಎಷ್ಟು ತಿದ್ದಿದರೂ ಹೋಗದು.
ಶಿಕ್ಷಕಿ, ಬ್ಯಾಡಗಿ ತಾಲ್ಲೂಕು

ಉತ್ತರ: ಮಕ್ಕಳು ಕೇಳಿಸಿಕೊಂಡ ಕ್ರಮದಲ್ಲೇ ಬರೆಯುತ್ತಿದ್ದಾರೆ, ಮೇಡಂ. ಕನ್ನಡದಲ್ಲಿ ಛೇದವನ್ನು (ಗೆರೆಯ ಕೆಳಗಿನ ಸಂಖ್ಯೆ) ಮೊದಲು ಹೇಳುತ್ತೇವೆ, ಬರೆಯುವಾಗ ಅಂಶವನ್ನು (ಮೇಲಿನ ಸಂಖ್ಯೆ) ಮೊದಲು ಬರೆಸುತ್ತೇವೆ. ತೊಡಕು ಇರುವುದು ಅಲ್ಲೇ. ಬರೆಯುವ ಕ್ರಮ ಬದಲಿಸಿ ನೋಡಿ: ಮೊದಲು ಅಡ್ಡಗೆರೆ, ಗೆರೆಯ ಕೆಳಗೆ ಎಂಟು, ಕೊನೆಗೆ ಮೇಲೆ ಮೂರು. ಬಾಯಲ್ಲಿ ‘ಎಂಟು ಸಮಪಾಲು ಮಾಡಿದೆ, ಮೂರು ತಗೊಂಡೆ’ ಎನ್ನುತ್ತಲೇ ಕೈ ಬರೆಯಲಿ. ಪಾಲು ಮಾಡದೆ ತೆಗೆದುಕೊಳ್ಳಲು ಆಗುವುದಿಲ್ಲ, ಹಾಗಾಗಿ ಈ ಕ್ರಮಕ್ಕೆ ಅರ್ಥವೂ ಇದೆ.

ಇನ್ನೊಂದು, ‘ಎಂಟನೇ’ ಎಂದೊಡನೆ ಎಂಟನೇ ಬೆಂಚು ನೆನಪಾಗುವ ಮಕ್ಕಳಿದ್ದಾರೆ. ಅವರು ಎಂಟು ಸಮ ಮನೆಗಳಾಗಿ ಗೆರೆ ಹಾಕಿದ ಚಿತ್ರದಲ್ಲಿ ಕೊನೆಯ ಮನೆಗೆ ಮಾತ್ರ ಬಣ್ಣ ಹಚ್ಚಿ ‘ಇದೇ ಎಂಟನೇದು’ ಎನ್ನುತ್ತಾರೆ. ಯಾವ ಮನೆಗೆ ಹಚ್ಚಿದರೂ ಎಂಟನೇ ಒಂದೇ ಎಂದು ಬೇರೆ ಬೇರೆ ಮನೆಗೆ ಹಚ್ಚಿಸಿ ತೋರಿಸಿ.

ನಮ್ಮ ಭಾಷೆಯೇ ಕೊಟ್ಟ ಒಳ್ಳೆಯ ಪದ ‘ಮುಕ್ಕಾಲು’. ಮೂರು ಕಾಲು ಎಂದು ಬಿಡಿಸಿದರೆ ಕಾಲು ತುಂಡಿನ ಹೆಸರು, ಮೂರು ಅದರ ಎಣಿಕೆ ಎಂಬುದು ಕಣ್ಣೆದುರೇ ಇದೆ. ಇದನ್ನು ಹಿಡಿದ ಮಗುವಿಗೆ ಐದು ಕಾಲು ಎಂದರೆ ಒಂದೂಕಾಲು ಎನ್ನಲು ತಡವಾಗುವುದಿಲ್ಲ. 5/4ರಲ್ಲಿ ಮೇಲಿನದು ದೊಡ್ಡದಿದೆಯಲ್ಲ ಎಂಬ ಗಾಬರಿಯೂ ಇರುವುದಿಲ್ಲ.

ಪ್ರಶ್ನೆ: 1/2 + 1/3 = 2/5 ಎಂದು ಬರೆಯುವ ಮಗನಿಗೆ ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ) ಹೇಳಿಕೊಡಬೇಕೇ?
ಪಾಲಕರು, ಮುಂಡರಗಿ

ಉತ್ತರ: ಈಗಲೇ ಬೇಡ. ಮೊದಲು ಅವನ ಉತ್ತರ ನಿಲ್ಲುವುದಿಲ್ಲ ಎಂದು ಅವನಿಗೇ ಕಾಣಲಿ. ಮೇಲೆ ಹೇಳಿದ ಪಟ್ಟಿಯಲ್ಲಿ ಅರ್ಧ ಎಂದರೆ 12 ಸೆಂ.ಮೀ. ಅದೇ ಪಟ್ಟಿಯ 2/5 ಎಂದರೆ 9.6 ಸೆಂ.ಮೀ. ಅರ್ಧಕ್ಕೆ ಇನ್ನಷ್ಟು ಸೇರಿಸಿದ ಮೇಲೆ ಅರ್ಧಕ್ಕಿಂತ ಕಡಿಮೆ ಹೇಗಾಯಿತು ಎಂದು ಕೇಳಿ ಸುಮ್ಮನಿರಿ. ಅವನು ಯೋಚಿಸಲಿ.

ಆಮೇಲೆ 12 ಸೆಂ.ಮೀ. ತುಂಡಿನ ಪಕ್ಕ 8 ಸೆಂ.ಮೀ. ತುಂಡು ಜೋಡಿಸಿ. ಎರಡನ್ನೂ ಸರಿಯಾಗಿ ಮುಚ್ಚುವ ಒಂದೇ ಜಾತಿಯ ತುಂಡು ಹುಡುಕಲಿ. ಕಾಲು ತುಂಡು ಅರ್ಧಕ್ಕೆ ಹೊಂದುತ್ತದೆ, ಮೂರನೇ ಒಂದಕ್ಕೆ ಹೊಂದುವುದಿಲ್ಲ. ಆರನೇ ಒಂದು ಎರಡಕ್ಕೂ ಹೊಂದುತ್ತದೆ: ಇಲ್ಲಿ ಮೂರು, ಅಲ್ಲಿ ಎರಡು, ಒಟ್ಟು ಐದು, ಅಂದರೆ 5/6. ಹೀಗೆ ಹತ್ತಾರು ಲೆಕ್ಕ ಕೈಯಲ್ಲಿ ಮಾಡಿದವನಿಗೆ ಲ.ಸಾ.ಅ. ಯಾಕೆ ಬೇಕು ಎಂದು ಬೇರೆ ಹೇಳಬೇಕಾಗಿಲ್ಲ.

ಪ್ರಶ್ನೆ: ನಾವು ಒಕ್ಕಲುತನದವರು. ಮನೆಯಲ್ಲೇ ಅಭ್ಯಾಸ ಮಾಡಿಸಲು ಏನಿದೆ?
ಓದುಗರು, ಕುಂದಗೋಳ

ಉತ್ತರ: ಹೊಲವೇ ಇದೆಯಲ್ಲ! 40 ಗುಂಟೆಗೆ ಒಂದು ಎಕರೆ. 10 ಗುಂಟೆ ಎಷ್ಟನೇ ಪಾಲು, 30 ಗುಂಟೆ ಎಷ್ಟು, 5 ಗುಂಟೆ ಎಷ್ಟು ಎಂದು ಕೇಳಿ. ಉತ್ತರ ಕಾಲು, ಮುಕ್ಕಾಲು, ಎಂಟನೇ ಒಂದು. ಎಕರೆ, ಗುಂಟೆ ಸೇರಿಸಿ 1-20 ಎಂದು ಬರೆದದ್ದು ಒಂದೂವರೆ ಎಕರೆ. ದಶಮಾಂಶ ಕಲಿಯುತ್ತಿರುವ ಮಗು ಅದನ್ನು 1.20 ಎಂದು ಓದಿಕೊಂಡೀತು, ನಿಗಾ ಇರಲಿ. ಸಂತೆಗೆ ಹೋದಾಗ ಪಾವ್ ಕಿಲೋ ಮೆಣಸಿನಕಾಯಿಗೆ ತಕ್ಕಡಿಯಲ್ಲಿ ಯಾವ ಕಲ್ಲು ಇಟ್ಟರು ಎಂದು ನೋಡಲು ಹೇಳಿ. 250 ಗ್ರಾಂ ಕಲ್ಲಿಲ್ಲದ ಕಡೆ 200ರ ಜೊತೆ 50 ಇಡುತ್ತಾರೆ. ಮುಕ್ಕಾಲು ಕಿಲೋಗೆ ಯಾವ ಯಾವ ಕಲ್ಲು ಬೇಕು ಎಂಬುದನ್ನು ಅಂಗಡಿಯವರು ಇಡುವ ಮೊದಲೇ ಮಗು ಹೇಳಲಿ.