ಐದು ತಿಂಗಳ ಗರ್ಭಿಣಿ ವಂಡರ್‌ಲಾಗೆ ಹೋಗಬಹುದಾ?

ಐದು ತಿಂಗಳಾಗಿದೆ, ರಜೆಗೆ ನಾದಿನಿ ಮಕ್ಕಳು ಬಂದಿದ್ದಾರೆ, ಬಿಡದಿ ಹತ್ತಿರದ ವಂಡರ್‌ಲಾಗೆ ನಾನೂ ಹೋಗಲಾ ಅಂತ ಕೇಳಿದ್ದೀರಿ. ಡಾಕ್ಟರ್ ಬೇಡ ಅಂದಿಲ್ಲದಿದ್ದರೆ ಹೋಗಿ. ಆದರೆ ರೈಡ್ ಹತ್ತಬೇಡಿ. "ಇದು ನಿಧಾನಕ್ಕೆ ಹೋಗುತ್ತೆ, ಬಾ" ಅಂತ ಮನೆಯವರು ಎಷ್ಟೇ ಕರೆದರೂ ಮೊದಲು ಅಲ್ಲಿರೋ ಬೋರ್ಡ್ ಓದಿ, ಗರ್ಭಿಣಿಯರು ಹತ್ತಬಾರದು ಅಂತಿದ್ದರೆ ಸುಮ್ನೆ ಆಚೆ ಬನ್ನಿ. ಜೋರಾಗಿ ಹೋಗಿ ಗಕ್ಕನೆ ನಿಂತಾಗ ಆಗೋ ಕುಲುಕಾಟಕ್ಕೆ ಮಾಸು (ಪ್ಲಸೆಂಟಾ) ಗರ್ಭಕೋಶದಿಂದ ಬಿಟ್ಟುಕೊಳ್ಳುವ ಅಪಾಯವಿದೆ. ನೀರಿನ ಜಾರುಬಂಡೆಗೂ ಇದೇ ಮಾತು. ವೇವ್ ಪೂಲ್‌ನಲ್ಲಿ ಅಲೆಗಿಂತ ಜನ ಬಂದು ಡಿಕ್ಕಿ ಹೊಡೆಯೋದೇ ಭಯ, ನೆಲ ಬೇರೆ ಜಾರುತ್ತೆ.

ಸ್ಕ್ಯಾನ್‌ನಲ್ಲಿ ಮಾಸು ಕೆಳಗಿದೆ ಅಂತ ಬಂದಿದ್ದರೆ, ಅಥವಾ ಸ್ವಲ್ಪವಾದರೂ ರಕ್ತ ಕಂಡಿದ್ದರೆ, ದಯವಿಟ್ಟು ಈ ಸಲ ಬಿಟ್ಟುಬಿಡಿ. 18–20 ವಾರದ ಸ್ಕ್ಯಾನ್ ಇನ್ನೂ ಆಗಿಲ್ಲ ಅಂದರೆ ಅದನ್ನು ಮುಗಿಸಿಕೊಂಡೇ ಹೊರಡಿ.

ಶನಿವಾರ, ಭಾನುವಾರ ಬೇಡ. ಕಾರಲ್ಲಿ ಸೀಟ್ ಬೆಲ್ಟಿನ ಕೆಳಪಟ್ಟಿ ಹೊಟ್ಟೆಯ ಮೇಲಲ್ಲ, ಹೊಟ್ಟೆಯ ಕೆಳಗೆ, ತೊಡೆ ಶುರುವಾಗೋ ಕಡೆ ಬರಬೇಕು. ಜಾರದ ಚಪ್ಪಲಿ ಹಾಕಿಕೊಳ್ಳಿ, ತಾಯಿ ಕಾರ್ಡ್ ಬ್ಯಾಗಲ್ಲಿರಲಿ. ಟಾಯ್ಲೆಟ್‌ಗೆ ಹೋಗಬೇಕಾಗುತ್ತೆ ಅಂತ ನೀರು ಕುಡಿಯೋದು ಮಾತ್ರ ಕಡಿಮೆ ಮಾಡಬೇಡಿ.

ನನ್ನ ಕೇಳಿದರೆ ಮೈಸೂರು ಝೂ ಇನ್ನೂ ಒಳ್ಳೆಯದು. ಮರದ ನೆರಳಿದೆ, ನಡೆದು ಸುಸ್ತಾದರೆ ಬ್ಯಾಟರಿ ಗಾಡಿ ಇದೆ, ನೀವೂ ಮಕ್ಕಳ ಜೊತೆಗೇ ಎಲ್ಲಾ ನೋಡಬಹುದು, ಬ್ಯಾಗ್ ಕಾಯ್ಕೊಂಡು ಕೂರಬೇಕಿಲ್ಲ ಅಲ್ವಾ? ಮಂಗಳವಾರ ರಜೆ, ಅದೊಂದು ನೋಡಿಕೊಳ್ಳಿ.