ಟಾರೋದ ಚಂದ್ರನನ್ನೂ ಜಾತಕದ ಚಂದ್ರನನ್ನೂ ಒಂದೇ ಎಂದು ಓದಬಹುದೇ?

ನಿಮ್ಮ ಜಾತಕದಲ್ಲಿ ಚಂದ್ರನು ವೃಷಭ ರಾಶಿಯ ರೋಹಿಣಿ ನಕ್ಷತ್ರದಲ್ಲಿದ್ದಾನೆ, ಅದು ಅವನ ಉಚ್ಚ ರಾಶಿ, ಅಂದರೆ ಅವನಿಗೆ ಅತ್ಯಂತ ಬಲವಿರುವ ರಾಶಿ, ಆದ್ದರಿಂದ ನಿಮ್ಮ ಮನೋಬಲ ಚೆನ್ನಾಗಿದೆ ಎಂದು ಜ್ಯೋತಿಷಿಗಳು ಹೇಳಿದ್ದಾರೆ. ಆದರೆ ಉದ್ಯೋಗ ಬದಲಾವಣೆಯ ಬಗ್ಗೆ ಟಾರೋ (ಚಿತ್ರದ ಕಾರ್ಡುಗಳನ್ನು ತೆಗೆದು ಫಲ ಓದುವ ಪದ್ಧತಿ) ನೋಡಿದಾಗ ಚಂದ್ರನ ಕಾರ್ಡೇ ಬಂದಿತು, ಅದಕ್ಕೆ ಭ್ರಮೆ, ಭಯ, ವಂಚನೆ ಎಂಬ ಅರ್ಥ ಸಿಕ್ಕಿತು. ಉಚ್ಚ ಚಂದ್ರನು ಆ ಕಾರ್ಡಿನ ಫಲವನ್ನು ರದ್ದುಮಾಡುತ್ತಾನೆಯೇ, ಆ ಕಾರ್ಡು ಬಂದಿರುವುದರಿಂದ ಯಾರೋ ನಿಮ್ಮನ್ನು ವಂಚಿಸುತ್ತಿದ್ದಾರೆಂದು ತಿಳಿಯಬೇಕೇ ಎಂದು ಕೇಳಿದ್ದೀರಿ. ಎರಡಕ್ಕೂ ನನ್ನ ಉತ್ತರ ಇಲ್ಲ ಎಂಬುದೇ, ಮತ್ತು ಎರಡಕ್ಕೂ ಕಾರಣ ಒಂದೇ: ಹೆಸರು ಒಂದಾದರೂ ಇವು ಒಂದೇ ಸಂಕೇತವಲ್ಲ. ಎರಡೂ ಪದ್ಧತಿಗಳನ್ನು ಬಹುಕಾಲದಿಂದ ಓದಿಕೊಂಡು ಬಂದವನಾಗಿ ನಾನು ಇವನ್ನು ಸಂಕೇತಗಳ ಭಾಷೆಯೆಂದೇ ನೋಡುತ್ತೇನೆ. ಆಕಾಶದ ಚಂದ್ರನು ನಿಮ್ಮ ಸಂಬಳವನ್ನು ನಿರ್ಧರಿಸುತ್ತಾನೆಂದು ನಾನು ಹೇಳಲಾರೆ.

ಮೊದಲು ಜಾತಕದ ಚಂದ್ರನನ್ನು ನೋಡೋಣ. ಇವನು ಗಣಿತದಿಂದ ಸಿಗುವವನು. ಸುಮಾರು 27.3 ದಿನಗಳಲ್ಲಿ ರಾಶಿಚಕ್ರವನ್ನು ಒಂದು ಸುತ್ತು ಬರುತ್ತಾನೆ, ಒಂದು ರಾಶಿಯಲ್ಲಿ ಎರಡೂಕಾಲು ದಿನದಷ್ಟು ನಿಲ್ಲುತ್ತಾನೆ. ನಮ್ಮ ಪದ್ಧತಿಯ ಗ್ರಹಗಳಲ್ಲಿ ಇಷ್ಟು ವೇಗವಾಗಿ ನಡೆಯುವವನು ಬೇರೊಬ್ಬನಿಲ್ಲ. ಕ್ಷಣಕ್ಷಣಕ್ಕೂ ಸ್ಥಿತಿ ಬದಲಿಸುವ ಮನಸ್ಸಿಗೆ ಅವನನ್ನು ಕಾರಕನನ್ನಾಗಿ (ಸೂಚಿಸುವ ಗ್ರಹವನ್ನಾಗಿ) ಮಾಡಿದ್ದಕ್ಕೆ ಈ ವೇಗವೂ, ವೃದ್ಧಿಕ್ಷಯಗಳೂ ಒಪ್ಪುವಂತಿವೆ. ಪುರುಷಸೂಕ್ತವು "ಚಂದ್ರಮಾ ಮನಸೋ ಜಾತಃ" ಎನ್ನುತ್ತದೆ; ಗಮನಿಸಿ, ಅಲ್ಲಿ ಚಂದ್ರನಿಂದ ಮನಸ್ಸು ಹುಟ್ಟಲಿಲ್ಲ, ವಿರಾಟ್ ಪುರುಷನ ಮನಸ್ಸಿನಿಂದ ಚಂದ್ರನು ಹುಟ್ಟಿದನು. ಮಾತೃಕಾರಕತ್ವ, ಪೋಷಣೆ, ನೀರು, ಜನಪ್ರಿಯತೆ ಇವೆಲ್ಲ ಅವನಿಗೆ ಸೇರಿದವು. ಜನ್ಮನಕ್ಷತ್ರವೆಂದರೆ ಹುಟ್ಟಿದಾಗ ಚಂದ್ರನಿದ್ದ ನಕ್ಷತ್ರ, ಬದುಕನ್ನು ಗ್ರಹಗಳ ಅವಧಿಗಳಾಗಿ ಹಂಚುವ ವಿಂಶೋತ್ತರಿ ದಶೆ ಆರಂಭವಾಗುವುದು ಆ ನಕ್ಷತ್ರದ ಅಧಿಪತಿಯಿಂದ, ಸಾಡೇಸಾತಿಯನ್ನು (ಏಳೂವರೆ ವರ್ಷದ ಶನಿಯನ್ನು) ಎಣಿಸುವುದೂ ಚಂದ್ರನಿರುವ ರಾಶಿಯಿಂದ. ಒಟ್ಟಿನಲ್ಲಿ ಜಾತಕದಲ್ಲಿ ಚಂದ್ರನೆಂದರೆ ಅನುಭವಿಸುವವನು. ಬಂದ ಸುಖದುಃಖಗಳನ್ನು ಬರಮಾಡಿಕೊಳ್ಳುವ ಪಾತ್ರೆ.

ನಿಮ್ಮ ಉಚ್ಚತ್ವದ ಬಗ್ಗೆ ಒಂದು ತಿದ್ದುಪಡಿ ಇದೆ. ಚಂದ್ರನ ಪರಮೋಚ್ಚ, ಅಂದರೆ ಉಚ್ಚತ್ವದ ತುತ್ತತುದಿ, ವೃಷಭದ 3ನೇ ಅಂಶದಲ್ಲಿ (ಡಿಗ್ರಿಯಲ್ಲಿ), ಅದು ಕೃತ್ತಿಕಾ ನಕ್ಷತ್ರದ ಭಾಗ. ರೋಹಿಣಿ ಆರಂಭವಾಗುವುದು 10ನೇ ಅಂಶದಿಂದ, ಆದ್ದರಿಂದ ಸೂಕ್ಷ್ಮವಾಗಿ ನೋಡುವವರು ನಿಮ್ಮ ಚಂದ್ರನು ಮೂಲತ್ರಿಕೋಣದಲ್ಲಿ, ಅಂದರೆ ಉಚ್ಚದ ನಂತರದ ಬಲಸ್ಥಾನದಲ್ಲಿ, ಇದ್ದಾನೆ ಎನ್ನುತ್ತಾರೆ. ಬಲ ಇದ್ದೇ ಇದೆ, ಹೆಸರು ಬೇರೆ. ಜೊತೆಗೆ, ನೀವು ಹುಟ್ಟಿದ್ದು ಶುಕ್ಲಪಕ್ಷದಲ್ಲೋ ಕೃಷ್ಣಪಕ್ಷದಲ್ಲೋ ಎಂಬುದನ್ನು ಯಾರೂ ನಿಮಗೆ ಹೇಳಿದಂತಿಲ್ಲ. ಪೂರ್ಣಚಂದ್ರನು ಶುಭನೆಂದೂ ಕ್ಷೀಣಚಂದ್ರನು ಪಾಪನೆಂದೂ ಎಣಿಸುವ ಶಾಸ್ತ್ರದಲ್ಲಿ ಪಕ್ಷಬಲವನ್ನು ಬಿಟ್ಟು ಉಚ್ಚತ್ವವನ್ನಷ್ಟೇ ಹೇಳುವುದು ಅರ್ಧ ಮಾತು. ಇನ್ನೊಂದು ವಿಷಯ: ಪಾಶ್ಚಾತ್ಯ ಪದ್ಧತಿಯಲ್ಲಿ ನಿಮ್ಮ ಜಾತಕ ಹಾಕಿಸಿದರೆ ಚಂದ್ರನು ಮಿಥುನದಲ್ಲಿ ಕಾಣುತ್ತಾನೆ. ಪಾಶ್ಚಾತ್ಯರ ಸಾಯನ (ವಿಷುವದಿಂದ ಎಣಿಸುವ) ಮತ್ತು ನಮ್ಮ ನಿರಯನ (ನಕ್ಷತ್ರಗಳಿಂದ ಎಣಿಸುವ) ರಾಶಿಚಕ್ರಗಳ ನಡುವೆ ಈಗ ಸುಮಾರು 24 ಅಂಶಗಳ ಅಂತರವಿರುವುದರಿಂದ ರೋಹಿಣಿಯ ಯಾವ ಪಾದವೂ ಸಾಯನ ವೃಷಭದಲ್ಲಿ ಉಳಿಯುವುದಿಲ್ಲ. ಅಂದರೆ ನೀವು ನೆಚ್ಚಿಕೊಂಡ ಉಚ್ಚತ್ವ ಒಂದು ಪದ್ಧತಿಯೊಳಗೆ ಮಾತ್ರ ಅರ್ಥವುಳ್ಳದ್ದು, ಅದನ್ನು ಎತ್ತಿಕೊಂಡು ಹೋಗಿ ಟಾರೋ ಕಾರ್ಡಿನ ಮೇಲೆ ಇಡಲು ಬರುವುದಿಲ್ಲ.

ಟಾರೋದ 18ನೇ ಕಾರ್ಡಿಗೆ, ಅಂದರೆ ನಿಮಗೆ ಬಂದ ಚಂದ್ರನ ಕಾರ್ಡಿಗೆ, ಬಂದರೆ ಸಂಗತಿಯೇ ಬೇರೆ. ಟಾರೋ ಹುಟ್ಟಿದ್ದು 15ನೇ ಶತಮಾನದ ಉತ್ತರ ಇಟಲಿಯಲ್ಲಿ, ಇಸ್ಪೀಟಿನಂತಹ ಆಟವಾಗಿ. ಅದಕ್ಕೆ ಗೂಢಾರ್ಥ ಹಚ್ಚುವ ಪರಿಪಾಠ 18ನೇ ಶತಮಾನದ ಕೊನೆಯಲ್ಲಿ ಫ್ರಾನ್ಸಿನಲ್ಲಿ ಬಲವಾಯಿತು. ಇಟಲಿಯ ಮಿಲಾನನ್ನು ಆಳಿದ ವಿಸ್ಕಾಂಟಿ ಸ್ಫೋರ್ಜಾ ಮನೆತನದ ಹಳೆಯ ಕಾರ್ಡುಗಳ ಕಟ್ಟಿನಲ್ಲಿ ಈ ಕಾರ್ಡಿನ ಮೇಲೆ ಅರ್ಧಚಂದ್ರವನ್ನು ಕೈಯಲ್ಲಿ ಹಿಡಿದ ಒಬ್ಬ ಹೆಂಗಸು ಇದ್ದಾಳೆ, ಅಷ್ಟೇ. ನೀವು ನೋಡಿರುವ ಚಿತ್ರ ಬಹುಶಃ 1909ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಕಟ್ಟಿನದು, ಗೂಢವಿದ್ಯೆಯ ಲೇಖಕ ಎ. ಇ. ವೇಟ್ ನಿರ್ದೇಶನದಲ್ಲಿ ಚಿತ್ರಕಲಾವಿದೆ ಪಮೇಲಾ ಕೋಲ್ಮನ್ ಸ್ಮಿತ್ ಬಿಡಿಸಿದ್ದು. ಮೇಲೆ ಮುಖವುಳ್ಳ ಚಂದ್ರ, ಕೆಳಗೆ ಕೊಳ, ಕೊಳದಿಂದ ಮೇಲೇರುತ್ತಿರುವ ಸೀಗಡಿಯಂತಹ ಚಿಪ್ಪುಜೀವಿ, ಊಳಿಡುವ ನಾಯಿ ಮತ್ತು ತೋಳ, ಎರಡು ಗೋಪುರಗಳ ನಡುವೆ ಹಾದು ಬೆಟ್ಟಗಳತ್ತ ಸಾಗುವ ಅಂಕುಡೊಂಕಾದ ದಾರಿ. ಇಷ್ಟೆಲ್ಲ ಇರುವ ಚಿತ್ರದಲ್ಲಿ ಮನುಷ್ಯನೇ ಇಲ್ಲ. ಆ ದಾರಿಯಲ್ಲಿ ನಡೆಯಬೇಕಾದವನು ಕಾರ್ಡನ್ನು ನೋಡುತ್ತಿರುವವನೇ ಎಂದು ನಾನು ಓದುತ್ತೇನೆ. ನಾಯಿ ಮತ್ತು ತೋಳಗಳನ್ನು ವೇಟ್ ಸಹಜ ಮನಸ್ಸಿನ ಭಯಗಳೆಂದು ವಿವರಿಸಿದ್ದಾನೆ: ಗೊತ್ತಿಲ್ಲದ ಜಾಗಕ್ಕೆ ಹೊರಟಾಗ, ಪ್ರತಿಫಲಿತ ಬೆಳಕೊಂದೇ ಆಸರೆಯಾಗಿದ್ದಾಗ ಏಳುವ ಭಯಗಳು.

ಈ ಪ್ರತಿಫಲಿತ ಬೆಳಕೇ ಕಾರ್ಡಿನ ತಿರುಳು ಎಂಬುದು ನನ್ನ ಅಭಿಪ್ರಾಯ. ಹುಣ್ಣಿಮೆಯ ಬೆಳಕು ಸೂರ್ಯನ ಬೆಳಕಿನ ಸುಮಾರು ನಾಲ್ಕು ಲಕ್ಷದಲ್ಲೊಂದು ಪಾಲು ಮಾತ್ರ. ಅಷ್ಟು ಕಡಿಮೆ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಆಕಾರಗಳು ತಿಳಿಯುತ್ತವೆ, ಬಣ್ಣಗಳು ಸರಿಯಾಗಿ ತಿಳಿಯುವುದಿಲ್ಲ. ಉಳಿದುದನ್ನು ಮನಸ್ಸು ತಾನೇ ತುಂಬಿಕೊಳ್ಳುತ್ತದೆ, ಪೊದೆಯೊಂದು ಕುಳಿತ ಮನುಷ್ಯನಾಗುತ್ತದೆ. ಇಲ್ಲಿ ಮೋಸ ಮಾಡಿದವರು ಯಾರೂ ಇಲ್ಲ. ಪೊದೆಯೂ ಸುಳ್ಳು ಹೇಳಲಿಲ್ಲ, ಚಂದ್ರನೂ ಹೇಳಲಿಲ್ಲ. ಆದ್ದರಿಂದ ಈ ಕಾರ್ಡಿಗೆ ನೇರವಾಗಿ ವಂಚನೆ ಎಂಬ ಅರ್ಥ ಹಚ್ಚುವುದನ್ನು ನಾನು ಒಪ್ಪುವುದಿಲ್ಲ. ಅದು ಹೇಳುವುದು ಮಾಹಿತಿ ಅಪೂರ್ಣವಾಗಿದೆ, ಕಲ್ಪನೆ ಅದರ ಜಾಗವನ್ನು ಆಕ್ರಮಿಸಿದೆ ಎಂದು. (ಇನ್ನೊಂದು ಸ್ವಾರಸ್ಯವೆಂದರೆ, ವೇಟ್ ಹೇಳುವಂತೆ ಈ ಕಾರ್ಡಿನ ಚಂದ್ರನು ಬೆಳೆಯುತ್ತಿರುವವನು. ನಮ್ಮ ಲೆಕ್ಕದಲ್ಲಿ ಶುಕ್ಲಪಕ್ಷ! ಮುಂದಿನ ಕಾರ್ಡು, 19ನೆಯದು, ಸೂರ್ಯ.)

ಈಗ ನಿಮ್ಮ ಗೊಂದಲಕ್ಕೆ ಮೂಲವಾದ ವಿಷಯ. ಟಾರೋ ಮತ್ತು ಜ್ಯೋತಿಷ್ಯಗಳನ್ನು ಇಂದು ಹೆಚ್ಚು ಬಳಕೆಯಲ್ಲಿರುವ ರೀತಿಯಲ್ಲಿ ಜೋಡಿಸಿದ್ದು 1888ರಲ್ಲಿ ಲಂಡನ್ನಿನಲ್ಲಿ ಆರಂಭವಾದ ಗೋಲ್ಡನ್ ಡಾನ್ ಎಂಬ ಗೂಢವಿದ್ಯಾ ಸಂಘ. ವೇಟ್ ಮತ್ತು ಸ್ಮಿತ್ ಇಬ್ಬರೂ ಅದರ ಸದಸ್ಯರಾಗಿದ್ದವರು. ಆ ಸಂಘದ ಜೋಡಣೆಯಲ್ಲಿ 18ನೇ ಕಾರ್ಡು ಚಂದ್ರಗ್ರಹಕ್ಕೆ ಸೇರಿದ್ದಲ್ಲ, ಮೀನ ರಾಶಿಗೆ ಸೇರಿದ್ದು. ಚಂದ್ರಗ್ರಹವನ್ನು ಅವರು ಕೊಟ್ಟಿದ್ದು 2ನೇ ಕಾರ್ಡಾದ ಹೈ ಪ್ರೀಸ್ಟೆಸ್‌ಗೆ, ಕಪ್ಪು ಬಿಳಿ ಕಂಬಗಳ ನಡುವೆ, ಕಾಲ ಬಳಿ ಅರ್ಧಚಂದ್ರವನ್ನಿಟ್ಟುಕೊಂಡು ಅಲುಗದೆ ಕುಳಿತ ಹೆಂಗಸಿಗೆ. ಒಳಗೆ ಗ್ರಹಿಸುವ, ಹೊರಗೆ ಮಾತಾಡದ ಮನಸ್ಸು ಅದು. ಜಾತಕದ ಚಂದ್ರನಿಗೆ ಟಾರೋದಲ್ಲಿ ಹತ್ತಿರದ ಸಂಬಂಧಿ ಬೇಕಿದ್ದರೆ ಅವಳೇ. ಹಾಗೆಯೇ 18ನೇ ಕಾರ್ಡಿನ ವಾತಾವರಣಕ್ಕೆ ಜ್ಯೋತಿಷ್ಯದಲ್ಲಿ ಹತ್ತಿರವಾದದ್ದು ಯಾವುದೆಂದು ಕೇಳಿದರೆ ನಾನು ಚಂದ್ರನನ್ನಲ್ಲ, ರಾಹುವನ್ನು ತೋರಿಸುತ್ತೇನೆ. ರಾಹು ಚಂದ್ರನ ಪಥವು ಸೂರ್ಯನ ಪಥವನ್ನು ಕತ್ತರಿಸುವ ಒಂದು ಬಿಂದು ಮಾತ್ರ, ಮೈಯಿಲ್ಲದ ಛಾಯಾಗ್ರಹ. ಆದರೂ ಗ್ರಹಣದ ಭಯ, ಭ್ರಮೆ, ಇಲ್ಲದ್ದನ್ನು ಇದೆಯೆಂದು ತೋರಿಸುವುದು ಅವನ ಪಾಲಿಗೆ ಬಂದಿವೆ. ಇದು ನನ್ನದೇ ಜೋಡಣೆ, ಯಾವ ಪರಂಪರೆಯದೂ ಅಲ್ಲ; ಬೇಕಾದರೆ ಸ್ವೀಕರಿಸಿ.

ಹಾಗಾದರೆ ನಿಮ್ಮ ವೃಷಭದ ಚಂದ್ರನು ಟಾರೋದಲ್ಲಿ ಎಲ್ಲೂ ಇಲ್ಲವೇ? ಇದ್ದಾನೆ. ಗೋಲ್ಡನ್ ಡಾನ್ ಪದ್ಧತಿ ಪ್ರತಿ ರಾಶಿಯನ್ನೂ ಹತ್ತು ಹತ್ತು ಅಂಶಗಳ ಮೂರು ದ್ರೇಕ್ಕಾಣಗಳಾಗಿ ಒಡೆದು ಒಂದೊಂದಕ್ಕೆ ಒಂದು ಗ್ರಹವನ್ನೂ ಒಂದು ಕಿರಿಯ ಕಾರ್ಡನ್ನೂ (ನಾಣ್ಯ, ಖಡ್ಗ ಮುಂತಾದ ಗುಂಪುಗಳ ಸಂಖ್ಯೆಯ ಕಾರ್ಡು) ಕೊಡುತ್ತದೆ, ಅದರಲ್ಲಿ ವೃಷಭದ ಚಂದ್ರನಿಗೆ ಸಿಕ್ಕಿದ್ದು ನಾಣ್ಯಗಳ ಆರು: ತಕ್ಕಡಿ ಹಿಡಿದ ವ್ಯಾಪಾರಿಯೊಬ್ಬ ಕೈಚಾಚಿದವರಿಗೆ ನಾಣ್ಯ ಹಾಕುತ್ತಿರುವ ಚಿತ್ರ. ಅದೇ ಪದ್ಧತಿಯಲ್ಲಿ ಕುಂಭದ ಚಂದ್ರನಿಗೆ ಸಿಕ್ಕಿದ್ದು ಖಡ್ಗಗಳ ಏಳು, ಶಿಬಿರದಿಂದ ಖಡ್ಗಗಳನ್ನು ಕದ್ದು ನಸುನಗುತ್ತ ಓಡುವವನ ಚಿತ್ರ. ನಿಮಗೆ ಬಂದ ಕಾರ್ಡುಗಳಲ್ಲಿ 18ರ ಪಕ್ಕ ಈ ಖಡ್ಗಗಳ ಏಳು ಇದ್ದಿದ್ದರೆ ವಂಚನೆಯ ಮಾತನ್ನು ನಾನೂ ಎತ್ತುತ್ತಿದ್ದೆ. ನೀವು ಬರೆದಿರುವಂತೆ ಪಕ್ಕದಲ್ಲಿ ಬಂದದ್ದು ಖಡ್ಗಗಳ ಎರಡು, ಕಣ್ಣಿಗೆ ತಾನೇ ಬಟ್ಟೆ ಕಟ್ಟಿಕೊಂಡು ಕುಳಿತವಳು. ಹೊಸ ಸಂಸ್ಥೆಯವರು ಏನನ್ನು ಬಚ್ಚಿಟ್ಟಿದ್ದಾರೆ ಎಂದು ಹುಡುಕುವ ಮೊದಲು, ಸಂದರ್ಶನದಲ್ಲಿ ಕೇಳಬೇಕೆಂದುಕೊಂಡು ನೀವು ಕೇಳದೆ ಬಿಟ್ಟ ಪ್ರಶ್ನೆಗಳು ಯಾವುವು ಎಂದು ಒಂದು ಹಾಳೆಯಲ್ಲಿ ಬರೆದು, ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ಅವನ್ನು ಅವರಿಗೆ ಕಳುಹಿಸಿ.