ಸೂಜಿ ಬೆನ್ನುಹುರಿಗೇ ಚುಚ್ಚುತ್ತಾರಾ?

ಪ್ರಶ್ನೆ: ಎರಡು ತಿಂಗಳ ಹಿಂದೆ ಮಗಳಿಗೆ ಸಿಸೇರಿಯನ್ ಆಯಿತು. ಬೆನ್ನಿಗೆ ಇಂಜೆಕ್ಷನ್ ಕೊಟ್ಟಿದ್ದರು. ಈಗ ಸೊಂಟನೋವು ಎನ್ನುತ್ತಾಳೆ. ‘ಬೆನ್ನುಹುರಿಗೇ ಚುಚ್ಚಿದ್ದಾರೆ, ಇನ್ನು ಸಾಯೋವರೆಗೂ ನೋವು’ ಎಂದು ಮನೆಗೆ ಬಂದವರೆಲ್ಲ ಹೇಳುತ್ತಾರೆ. ನಿಜವೇ?
— ಒಬ್ಬ ತಾಯಿ, ಹಾಸನ

ಉತ್ತರ: ಬಾಣಂತಿ ನೋಡಲು ಬರುವವರೇ ಹಾಗೆ. ಮಗುವಿಗೊಂದು ಟೋಪಿ ತರುತ್ತಾರೆ, ತಾಯಿಗೊಂದು ಭಯ ಕೊಟ್ಟು ಹೋಗುತ್ತಾರೆ. ಸೂಜಿ ಹಾಕುವ ಜಾಗದಲ್ಲಿ ಸಾಮಾನ್ಯವಾಗಿ ಬೆನ್ನುಹುರಿಯೇ ಇರುವುದಿಲ್ಲ ತಾಯಿ!

ನಾನು ಮೂವತ್ತು ವರ್ಷ ಅನಾಟಮಿ ಪಾಠ ಮಾಡಿದವನು. ಉಳಿ, ಸುತ್ತಿಗೆ ಹಿಡಿದು ಶವದ ಬೆನ್ನುಮೂಳೆ ಬಿಡಿಸಿ ಹುರಿ ತೋರಿಸಿದರೆ ಹುಡುಗರು ಪ್ರತಿ ವರ್ಷ ಒಂದೇ ಮಾತು ಕೇಳುತ್ತಿದ್ದರು: ‘ಇಷ್ಟೇನಾ ಸಾರ್?’ ಇಷ್ಟೇ. ಕಿರುಬೆರಳಿನ ದಪ್ಪ, ಸುಮಾರು 45 ಸೆಂಟಿಮೀಟರ್ ಉದ್ದ. ತೂಕ ಒಂದು ಹಿಡಿ ಕಡಲೆಬೀಜದಷ್ಟು. ಅದರಿಂದ 31 ಜೊತೆ ನರಗಳು ಹೊರಡುತ್ತವೆ.

ಈ ಹುರಿ ತಲೆಬುರುಡೆಯ ಬುಡದಿಂದ ಇಳಿದು ಸೊಂಟದ ಮೊದಲ ಅಥವಾ ಎರಡನೇ ಮೂಳೆಯ ಹತ್ತಿರ ಮುಗಿದೇ ಹೋಗುತ್ತದೆ. ಸೊಂಟಕ್ಕೆ ಇರುವುದು 5 ಮೂಳೆ, ಅದರ ಕೆಳಗೂ ಬೆನ್ನುಮೂಳೆ ಇದೆ. ಮೊದಲು ಹೀಗಿರಲಿಲ್ಲ. ಮೂರು ತಿಂಗಳ ಭ್ರೂಣದಲ್ಲಿ ಹುರಿ ಕೊನೆಯವರೆಗೂ ಇರುತ್ತದೆ. ಆಮೇಲೆ ಮೂಳೆ ದಬದಬ ಬೆಳೆಯುತ್ತದೆ, ಹುರಿ ಹಿಂದೆ ಬೀಳುತ್ತದೆ. ಹುಟ್ಟುವ ಹೊತ್ತಿಗೆ ನಿಮ್ಮ ಮೊಮ್ಮಗುವಿನ ಹುರಿಯ ತುದಿ ಮೂರನೇ ಮೂಳೆಯ ಆಸುಪಾಸಿನಲ್ಲಿ ಇದ್ದಿರಬೇಕು.

ಆದರೆ ಕಾಲಿನ ನರಗಳು ತಮ್ಮ ಹಳೆಯ ಕಿಂಡಿಯಿಂದಲೇ ಹೊರಬರಬೇಕಲ್ವಾ? ಅದಕ್ಕೇ ಅವು ಹುರಿಯ ತುದಿಯಿಂದ ಉದ್ದಕ್ಕೆ ಇಳಿಬಿದ್ದಿರುತ್ತವೆ. ನೋಡಲು ಥೇಟ್ ಕುದುರೆ ಬಾಲ. ಲ್ಯಾಟಿನ್‌ನಲ್ಲಿ ಇಟ್ಟಿರುವ ಹೆಸರೂ ಅದೇ, ಕಾಡಾ ಇಕ್ವೈನಾ. ಸುತ್ತ ನೀರಿನಂಥ ದ್ರವ. ಇಂಜೆಕ್ಷನ್ ಬೀಳುವುದು ಈ ನೀರಿಗೆ. ಡಾಕ್ಟರು ಸೊಂಟದ ಎರಡೂ ಪಕ್ಕದ ಎಲುಬಿನ ಮೇಲಂಚು ಮುಟ್ಟಿ, ಅದೇ ಗೆರೆಯಲ್ಲಿ ನಾಲ್ಕನೇ ಮೂಳೆ ಗುರುತಿಸಿ, ಅಕ್ಕಪಕ್ಕದ ಸಂದಿಯಲ್ಲಿ ಸೂಜಿ ಇಳಿಸುತ್ತಾರೆ. ನರಗಳು ಹೆಚ್ಚಾಗಿ ಪಕ್ಕಕ್ಕೆ ಸರಿದುಬಿಡುತ್ತವೆ, ನೀರಲ್ಲಿ ಬಿಟ್ಟ ಶಾವಿಗೆಗೆ ಕಡ್ಡಿ ಹಾಕಿದ ಹಾಗೆ.

ಈ ಇಂಜೆಕ್ಷನ್ನಿಂದ ತೊಂದರೆಯೇ ಇಲ್ಲ ಎಂದು ನಾನು ಹೇಳುವುದಿಲ್ಲ. 1898ರಲ್ಲಿ ಜರ್ಮನಿಯ ಕೀಲ್ ಊರಿನಲ್ಲಿ ಆಗಸ್ಟ್ ಬಿಯರ್ ಎಂಬ ಸರ್ಜನ್ ತನ್ನ ಬೆನ್ನಿಗೇ ಇದನ್ನು ಹಾಕಿಸಿಕೊಳ್ಳಲು ಹೋದ. ಸಿರಿಂಜು ಸೂಜಿಗೆ ಕೂರಲಿಲ್ಲ, ದ್ರವ ಸೋರಿಹೋಯಿತು. ಆಮೇಲೆ ದಿನಗಟ್ಟಲೆ ತಲೆನೋವು! ಎದ್ದರೆ ಜಾಸ್ತಿ, ಮಲಗಿದರೆ ಇಲ್ಲ. ಇವತ್ತಿಗೂ ಕೆಲವರಿಗೆ ಇದೇ ತಲೆನೋವು ಬರುವುದುಂಟು. ಈಗಿನ ಸೂಜಿ ತೀರ ಸಣ್ಣದು, ಹಾಗಾಗಿ ಕಡಿಮೆ.

ಚುಚ್ಚಿದ ಜಾಗ ಕೆಲವು ದಿನ ನೋಯಬಹುದು. ತಿಂಗಳಾದರೂ ಬಿಡದ ಸೊಂಟನೋವಿಗೆ ಕಾರಣ ಸಾಮಾನ್ಯವಾಗಿ ಬೇರೆ. ಬಸಿರಲ್ಲಿ ಕೀಲುಗಳು ಸಡಿಲವಾಗಿರುತ್ತವೆ, ಒಂಬತ್ತು ತಿಂಗಳು ಹೊಟ್ಟೆಯ ಭಾರ, ಈಗ ಹಗಲು ರಾತ್ರಿ ಬಗ್ಗಿ ಹಾಲೂಡಿಸುವುದು. ನನ್ನ ಹೆಂಡತಿಗೆ ಎರಡೂ ಸಾದಾ ಹೆರಿಗೆ, ಸೂಜಿಯೇ ಇಲ್ಲ. ಸೊಂಟನೋವು ಮಾತ್ರ ವರ್ಷ ಬಿಡಲಿಲ್ಲ. ಆಗ ಬಯ್ಯಲು ನಮಗೆ ಇಂಜೆಕ್ಷನ್ನೂ ಇರಲಿಲ್ಲ.

ಹಾಲೂಡಿಸುವಾಗ ಬೆನ್ನಿಗೊಂದು, ಮಗುವಿನ ಕೆಳಗೊಂದು ದಿಂಬು ಕೊಡಿ. ಡಾಕ್ಟರು ಹೂಂ ಎಂದ ಮೇಲೆ ವ್ಯಾಯಾಮ ಶುರುಮಾಡಲಿ. ಆದರೆ ಕಾಲಲ್ಲಿ ಶಕ್ತಿ ಕಡಿಮೆಯಾದರೆ, ತೊಡೆಸಂದಿಯ ಸುತ್ತ ಮರಗಟ್ಟಿದರೆ, ಮೂತ್ರ ಕಟ್ಟಿದರೆ ಅಥವಾ ತಡೆಯಲಾಗದಿದ್ದರೆ, ನೋವಿನ ಜೊತೆ ಜ್ವರ ಬಂದರೆ ನನ್ನ ಉತ್ತರಕ್ಕೆ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.